ಈ ದುಡ್ಡೆಲ್ಲ ಎಲ್ಲಿಂದ ಬಂತು?

ರೋಮ್ ನಗರದ ಕೊಲೋಸಿಯಂ ಎದುರು ನಿಂತಾಗ ಮೊದಲು ಬಾಯಿಂದ ಬರುವುದು 'ಅಬ್ಬಾ' ಎಂಬ ಉದ್ಗಾರ. ಸುಮಾರು 48 ಮೀಟರ್ ಎತ್ತರದ ಕಲ್ಲಿನ ಗೋಡೆ. ಉದ್ದ 188 ಮೀಟರ್, ಅಗಲ 156 ಮೀಟರ್. ಒಮ್ಮೆಗೆ ಐವತ್ತು ಸಾವಿರದಷ್ಟು ಜನ ಕೂರಬಹುದಾಗಿದ್ದ ಬಯಲು ರಂಗಮಂದಿರವದು. ಕಟ್ಟಿ ಸಾವಿರದ ಒಂಬೈನೂರು ವರ್ಷಗಳು ಕಳೆದರೂ ಅರ್ಧ ಭಾಗ ಹಾಗೆಯೇ ನಿಂತಿದೆ. ಎಲ್ಲರಂತೆ ನಾನೂ ಕತ್ತೆತ್ತಿ ನೋಡುತ್ತಿದ್ದೆ. ನನ್ನ ಪಕ್ಕದಲ್ಲಿದ್ದ ಅತ್ತಿಗೆ ಮಾತ್ರ ಬೇರೆಯೇ ಪ್ರಶ್ನೆ ಕೇಳಿದರು:

"ಅಲ್ಲ, ಇದನ್ನೆಲ್ಲ ಕಟ್ಟಲಿಕ್ಕೆ ದುಡ್ಡು ಎಲ್ಲಿಂದ ಬಂತು?"

ತಿಂಗಳ ಕೊನೆಯಲ್ಲಿ ಮನೆಖರ್ಚು ತೂಗಿಸುವ ಹೆಣ್ಣು ಮಾತ್ರ ಕೇಳಬಹುದಾದ ಪ್ರಶ್ನೆ ಅದು. ಬಿ.ಎ.ಯಲ್ಲಿ ಇತಿಹಾಸ ಓದಿ, ವರ್ಷಗಟ್ಟಲೆ ಮಕ್ಕಳಿಗೆ ಪಾಠ ಮಾಡಿದ ನನಗೆ ಅದು ಹೊಳೆದಿರಲಿಲ್ಲ. ಕಟ್ಟಿಸಿದವನ ಹೆಸರು ಗೊತ್ತಿತ್ತು, ಇಸವಿ ಗೊತ್ತಿತ್ತು. ಬೆಲೆ ತೆತ್ತವರು ಯಾರೆಂದು ಕೇಳಿಕೊಂಡಿರಲಿಲ್ಲ. "ಸಂಜೆಯೊಳಗೆ ಉತ್ತರ ಹುಡುಕೋಣ ಅತ್ತಿಗೆ" ಎಂದು ಹೇಳಿ ನಡೆಯಲಾರಂಭಿಸಿದೆವು. ಕೊಲೋಸಿಯಂ, ರೋಮನ್ ಫೋರಂ ಮತ್ತು ಪ್ಯಾಲಟೈನ್ ಗುಡ್ಡ ಮೂರಕ್ಕೂ ಒಂದೇ ಟಿಕೆಟು. ಎಲ್ಲವೂ ಒಂದಕ್ಕೊಂದು ತಾಗಿಕೊಂಡೇ ಇವೆ. ಉತ್ತರವೂ ಈ ಮೂರು ಜಾಗಗಳಲ್ಲಿ ತುಂಡು ತುಂಡಾಗಿ ಬಿದ್ದಿದೆ.

ಗುಡ್ಡದ ಮೇಲಿನ ಮನೆ

ಪ್ಯಾಲಟೈನ್ ಒಂದು ಸಣ್ಣ ಗುಡ್ಡ. ಕೊಡೆಯಂತೆ ಹರಡಿದ ಪೈನ್ ಮರಗಳು, ಅವುಗಳ ನಡುವೆ ಕೆಂಪು ಇಟ್ಟಿಗೆಯ ಗೋಡೆಗಳು. ಅರಮನೆಗೆ ನಾವು 'ಪ್ಯಾಲೇಸ್' ಎನ್ನುತ್ತೇವಲ್ಲ, ಆ ಶಬ್ದ ಹುಟ್ಟಿದ್ದು ಈ ಗುಡ್ಡದ ಹೆಸರಿನಿಂದ. ಮೈಸೂರು ಪ್ಯಾಲೇಸ್ ನೋಡಲು ಹೋಗುವ ನಮ್ಮ ಮಕ್ಕಳು ತಮಗರಿವಿಲ್ಲದೆಯೇ ರೋಮಿನ ಈ ದಿಬ್ಬದ ಹೆಸರು ಹೇಳುತ್ತಾರೆ!

ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಕೊಲೆಯಾಯಿತು. ಬಳಿಕ ರೋಮನ್ನರು ಪರಸ್ಪರ ಹೊಡೆದಾಡಿ ಸತ್ತರು. ಕ್ರಿ.ಪೂ. 31ರ ಆಕ್ಟಿಯಂ ನೌಕಾಯುದ್ಧದಲ್ಲಿ ಆಂಟನಿ ಮತ್ತು ಕ್ಲಿಯೋಪಾತ್ರರನ್ನು ಸೋಲಿಸಿದ ಆಕ್ಟೇವಿಯನ್ ಒಬ್ಬನೇ ಉಳಿದ. ಕ್ರಿ.ಪೂ. 27ರಲ್ಲಿ ಅವನಿಗೆ ಆಗಸ್ಟಸ್ ಎಂಬ ಬಿರುದು ಸಿಕ್ಕಿತು. ಅವನ ಮನೆ ಇದೇ ಗುಡ್ಡದಲ್ಲಿತ್ತು. ಬಳಿಯಲ್ಲೇ ಅವನ ಪತ್ನಿ ಲಿವಿಯಾಳದೆಂದು ಗುರುತಿಸಲಾದ ಮನೆಯಿದೆ. ಹಣ್ಣು, ಎಲೆಗಳ ತೋರಣದ ಚಿತ್ರಗಳು ಅದರ ಗೋಡೆಗಳಲ್ಲಿ ಇಂದಿಗೂ ಕಾಣುತ್ತವೆ. ಕೋಣೆಗಳು ದೊಡ್ಡವೇನಲ್ಲ. "ನಮ್ಮ ಊರಿನ ಹಳೇ ಮನೆಯ ಚಾವಡಿಯಷ್ಟೇ ಇದೆ" ಎಂದರು ಅತ್ತಿಗೆ.

ಆಗಸ್ಟಸ್ ಜಾಣ. ತಾನು ರಾಜನೆಂದು ಅವನು ಎಂದೂ ಹೇಳಿಕೊಳ್ಳಲಿಲ್ಲ. ಸೆನೆಟ್ ಸಭೆ ಇತ್ತು, ಚುನಾವಣೆಗಳಿದ್ದವು, ಹಳೆಯ ಹುದ್ದೆಗಳೆಲ್ಲ ಇದ್ದವು. ಆದರೆ ಸೇನೆ ಅವನ ಕೈಯಲ್ಲಿತ್ತು. ಸಮಸ್ಯೆ ಹುಟ್ಟಿದ್ದು ಇಲ್ಲಿಯೇ. ರಾಜನೇ ಇಲ್ಲ ಎಂದ ಮೇಲೆ ರಾಜನ ನಂತರ ಯಾರು ಎಂಬುದಕ್ಕೆ ನಿಯಮವೂ ಇರಲಿಲ್ಲ. ಆದ್ದರಿಂದ ಮನೆಯೊಳಗಿನ ಮದುವೆ, ದತ್ತು, ವಿಚ್ಛೇದನಗಳೇ ರಾಜಕೀಯವಾದವು.

ಆಗಸ್ಟಸನಿಗೆ ಇದ್ದುದು ಒಬ್ಬಳೇ ಮಗಳು ಜೂಲಿಯಾ. ಉತ್ತರಾಧಿಕಾರಿಯಾಗಬಹುದೆಂದು ತಂದೆಗೆ ಅನಿಸಿದವರಿಗೆಲ್ಲ ಅವಳನ್ನು ಮದುವೆ ಮಾಡಿಕೊಡಲಾಯಿತು. ಒಬ್ಬ ಸತ್ತರೆ ಇನ್ನೊಬ್ಬ, ಅವನೂ ಸತ್ತರೆ ಮತ್ತೊಬ್ಬ. ಮೂರನೆಯವನಾದ ಟೈಬೀರಿಯಸ್ ತಾನು ಪ್ರೀತಿಸುತ್ತಿದ್ದ ಪತ್ನಿಯನ್ನು ಬಿಟ್ಟು ಇವಳನ್ನು ಮದುವೆಯಾಗಬೇಕಾಯಿತು. ಕೊನೆಗೆ ಕ್ರಿ.ಪೂ. 2ರಲ್ಲಿ ವ್ಯಭಿಚಾರದ ಆರೋಪದ ಮೇಲೆ ತಂದೆಯೇ ಮಗಳನ್ನು ಪಂಡಾಟೇರಿಯಾ ಎಂಬ ಸಣ್ಣ ದ್ವೀಪಕ್ಕೆ ಗಡಿಪಾರು ಮಾಡಿದ. ಈಗ ಅದರ ಹೆಸರು ವೆಂಟೊಟೇನೆ. ಅದರ ಹೆಸರು ನೆನಪಿರಲಿ, ಇನ್ನೂ ಬರುತ್ತದೆ.

ಕ್ರಿ.ಶ. 9ರಲ್ಲಿ ಜರ್ಮನಿಯ ಟ್ಯೂಟೊಬರ್ಗ್ ಕಾಡಿನಲ್ಲಿ ರೋಮಿನ ಮೂರು ಲೀಜನ್‌ಗಳು, ಅಂದರೆ ಮೂರು ದೊಡ್ಡ ಸೇನಾದಳಗಳು, ಸಂಪೂರ್ಣ ನಾಶವಾದವು. ಮುದುಕನಾಗಿದ್ದ ಆಗಸ್ಟಸ್ ತಿಂಗಳುಗಟ್ಟಲೆ ಗಡ್ಡ ತೆಗೆಯದೆ ದುಃಖಿಸಿದನೆನ್ನುತ್ತಾರೆ. ಕ್ರಿ.ಶ. 14ರಲ್ಲಿ ಅವನು ಸತ್ತ. ಟೈಬೀರಿಯಸ್ ಅಧಿಕಾರಕ್ಕೆ ಬಂದ. ಕೂಡಲೇ ನಡೆದದ್ದು ಆಗಸ್ಟಸನ ಉಳಿದೊಬ್ಬ ಮೊಮ್ಮಗ ಅಗ್ರಿಪ್ಪಾ ಪೋಸ್ಟುಮಸ್‌ನ ಕೊಲೆ. ಹೊಸ ಆಳ್ವಿಕೆ ರಕ್ತದಿಂದಲೇ ಶುರುವಾಯಿತು.

ಧಾನ್ಯ ಅಳೆದ ಕಲ್ಲು

ರೋಮಿನ ಕ್ಯಾಪಿಟೊಲಿನ್ ವಸ್ತುಸಂಗ್ರಹಾಲಯದಲ್ಲಿ ಒಂದು ದೊಡ್ಡ ಅಮೃತಶಿಲೆಯ ಕಲ್ಲಿದೆ. ಅದು ಒಬ್ಬ ಹೆಂಗಸಿನ ಚಿತಾಭಸ್ಮ ಇಟ್ಟಿದ್ದ ಕಲ್ಲು. ಆಗಸ್ಟಸನ ಮೊಮ್ಮಗಳು, ಜೂಲಿಯಾಳ ಮಗಳು ಅಗ್ರಿಪ್ಪಿನಾಳದು.

ಅಗ್ರಿಪ್ಪಿನಾಳ ಗಂಡ ಜರ್ಮಾನಿಕಸ್ ಜನಪ್ರಿಯ ಸೇನಾಪತಿ. ಅವಳು ಅರಮನೆಯಲ್ಲಿ ಕೂರದೆ ಗಂಡನೊಂದಿಗೆ ರೈನ್ ನದಿಯ ಸೇನಾ ಶಿಬಿರದಲ್ಲಿದ್ದಳು. ಕ್ರಿ.ಶ. 15ರಲ್ಲಿ, ರೋಮನ್ ಪಡೆ ಶತ್ರುಗಳ ನಡುವೆ ಸಿಕ್ಕಿಬಿತ್ತು, ಶತ್ರುಗಳು ಈ ಕಡೆಗೇ ಬರುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಹೆದರಿದ ಗಂಡಸರು ರೈನ್ ನದಿಯ ಸೇತುವೆಯನ್ನು ಮುರಿಯಲು ಹೊರಟರು. ಅಗ್ರಿಪ್ಪಿನಾ ತಡೆದಳು. ಆಚೆ ದಡದ ನಮ್ಮವರು ಮರಳುವುದು ಹೇಗೆ ಎಂಬುದು ಅವಳ ಚಿಂತೆ. ಬಳಲಿ ಬಂದ ಸೈನಿಕರಿಗೆ ಬಟ್ಟೆ ಕೊಟ್ಟಳು, ಗಾಯಗಳಿಗೆ ಔಷಧಿ ಕೊಡಿಸಿದಳು. ಈ ಸಂಗತಿಯನ್ನು ಬರೆದಿಟ್ಟವನು ರೋಮನ್ ಇತಿಹಾಸಕಾರ ಟಾಸಿಟಸ್. ಚಕ್ರವರ್ತಿ ಟೈಬೀರಿಯಸ್‌ಗೆ ಈ ಸುದ್ದಿ ಹಿಡಿಸಲಿಲ್ಲ ಎಂದೂ ಅವನೇ ಬರೆದಿದ್ದಾನೆ. ಸೈನಿಕರ ಪ್ರೀತಿ ಸಂಪಾದಿಸುವವರು ಸಿಂಹಾಸನದ ಮೇಲೆ ಕಣ್ಣಿಟ್ಟವರು ಎಂಬುದು ಅಲ್ಲಿನ ಲೆಕ್ಕ.

ಕ್ರಿ.ಶ. 19ರಲ್ಲಿ ಜರ್ಮಾನಿಕಸ್ ಅಂತಾಕಿಯಾ ನಗರದಲ್ಲಿ ಕಾಯಿಲೆ ಬಿದ್ದು ಸತ್ತ. ವಿಷ ಹಾಕಲಾಯಿತೆಂದು ಜನ ನಂಬಿದರು. ಅಗ್ರಿಪ್ಪಿನಾ ಗಂಡನ ಬೂದಿಯ ಪಾತ್ರೆಯನ್ನು ಎದೆಗೊತ್ತಿಕೊಂಡು, ಮಕ್ಕಳೊಂದಿಗೆ ಹಡಗಿನಿಂದ ಇಟಲಿಗೆ ಇಳಿದಾಗ ಬಂದರಿನಲ್ಲಿ ನೆರೆದ ಜನ ಗೋಳಾಡಿದರು. ಬಳಿಕ ಟೈಬೀರಿಯಸ್‌ನ ಅಂಗರಕ್ಷಕ ಪಡೆಯ ಮುಖ್ಯಸ್ಥ ಸೆಜಾನಸ್ ಈ ಕುಟುಂಬದ ಬೆನ್ನು ಹತ್ತಿದ. ಕ್ರಿ.ಶ. 29ರಲ್ಲಿ ಅಗ್ರಿಪ್ಪಿನಾಳನ್ನು ಪಂಡಾಟೇರಿಯಾಕ್ಕೆ ಕಳುಹಿಸಲಾಯಿತು. ತಾಯಿ ಜೂಲಿಯಾ ಇದ್ದ ಅದೇ ದ್ವೀಪ! ಹಿರಿಯ ಮಗ ಇನ್ನೊಂದು ದ್ವೀಪದಲ್ಲಿ ಸತ್ತ. ಎರಡನೆಯ ಮಗ ಡ್ರೂಸಸ್‌ನನ್ನು ನಾವು ನಿಂತಿದ್ದ ಇದೇ ಪ್ಯಾಲಟೈನ್ ಅರಮನೆಯ ಕೆಳಗಿನ ಕೋಣೆಯಲ್ಲಿ ಕೂಡಿಹಾಕಿ ಅನ್ನ ಕೊಡದೆ ಕೊಲ್ಲಲಾಯಿತು. ಹಸಿವು ತಾಳದೆ ಅವನು ಹಾಸಿಗೆಯೊಳಗಿನ ತುಂಬುವಸ್ತುವನ್ನು ಕಿತ್ತು ಜಗಿದನಂತೆ. ಕ್ರಿ.ಶ. 33ರಲ್ಲಿ ಅಗ್ರಿಪ್ಪಿನಾಳೂ ಉಪವಾಸದಿಂದ ಸತ್ತಳು. ತಾನಾಗಿಯೇ ಊಟ ಬಿಟ್ಟಳೋ, ಕೊಡದೆ ಕೊಂದರೋ ಎಂಬ ಬಗ್ಗೆ ಪ್ರಾಚೀನರಲ್ಲೇ ಎರಡು ಮಾತುಗಳಿವೆ.

ಅವಳ ಕಿರಿಯ ಮಗ ಕ್ಯಾಲಿಗುಲಾ ಕ್ರಿ.ಶ. 37ರಲ್ಲಿ ಚಕ್ರವರ್ತಿಯಾದಾಗ ಸ್ವತಃ ದ್ವೀಪಕ್ಕೆ ಹೋಗಿ ತಾಯಿಯ ಬೂದಿಯನ್ನು ತಂದ. ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಅದನ್ನು ಇಟ್ಟಿದ್ದ ಕಲ್ಲೇ. ಶತಮಾನಗಳ ನಂತರ ರೋಮಿನ ಜನ ಅದು ಯಾರದೆಂದು ಮರೆತರು. ಒಳಗೆ ಟೊಳ್ಳಾಗಿದ್ದ ಆ ಕಲ್ಲನ್ನು ಮಧ್ಯಯುಗದಲ್ಲಿ ಪೇಟೆಯಲ್ಲಿ ಧಾನ್ಯ ಅಳೆಯುವ ಕೊಳಗವಾಗಿ ಬಳಸಿದರು. ಇದನ್ನು ಹೇಳಿದಾಗ ಅತ್ತಿಗೆ ಏನೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, "ಹಸಿದು ಸತ್ತವಳ ಕಲ್ಲಿನಲ್ಲಿ ಊರಿಗೆಲ್ಲ ಅಕ್ಕಿ ಗೋಧಿ ಅಳೆದರಾ?" ಎಂದು ಮಾತ್ರ ಕೇಳಿದರು.

ಪರದೆಯ ಹಿಂದೆ ಸಿಕ್ಕ ಚಕ್ರವರ್ತಿ

ರೋಮಿನ ಮುಖ್ಯ ರೈಲು ನಿಲ್ದಾಣ ಟರ್ಮಿನಿಯ ಸಮೀಪ ಕಾಸ್ಟ್ರೊ ಪ್ರಿಟೋರಿಯೊ ಎಂಬ ಜಾಗವಿದೆ. ಪ್ರವಾಸಿಗಳು ಅಲ್ಲಿಗೆ ಹೋಗುವುದು ಕಡಿಮೆ. ಇಟಲಿಯ ರಾಷ್ಟ್ರೀಯ ಗ್ರಂಥಾಲಯ ಅಲ್ಲಿಯೇ ಇದೆ. ಹಿಂದಿನ ದಿನ ಆ ದಾರಿಯಾಗಿ ಬರುವಾಗ ಎತ್ತರದ ಹಳೆಯ ಇಟ್ಟಿಗೆ ಗೋಡೆಯೊಂದನ್ನು ನೋಡಿದ್ದೆವು. ಅದು ಪ್ರಿಟೋರಿಯನ್ ಪಡೆಯ, ಅಂದರೆ ಚಕ್ರವರ್ತಿಯ ಅಂಗರಕ್ಷಕರ, ಶಿಬಿರದ ಗೋಡೆ. ಚದುರಿಹೋಗಿದ್ದ ಈ ಪಡೆಯನ್ನು ಕ್ರಿ.ಶ. 23ರ ಸುಮಾರಿಗೆ ಒಂದೇ ಶಿಬಿರಕ್ಕೆ ತಂದವನು ಸೆಜಾನಸ್. ಅವನ ದುರಾಸೆ ಅವನನ್ನೇ ತಿಂದಿತು. ಕ್ರಿ.ಶ. 31ರಲ್ಲಿ ಟೈಬೀರಿಯಸ್ ಅವನನ್ನು ಕೊಲ್ಲಿಸಿದ, ಅವನ ಎಳೆಯ ಮಕ್ಕಳನ್ನೂ ಬಿಡಲಿಲ್ಲ. ಆದರೆ ಶಿಬಿರ ಉಳಿಯಿತು. ಚಕ್ರವರ್ತಿಯನ್ನು ಕಾಯಲು ಇಟ್ಟವರು ಚಕ್ರವರ್ತಿ ಯಾರಾಗಬೇಕೆಂದು ತೀರ್ಮಾನಿಸುವವರಾದರು.

ಕ್ರಿ.ಶ. 41ರ ಜನವರಿಯಲ್ಲಿ ಅದು ಸ್ಪಷ್ಟವಾಯಿತು. ಕ್ಯಾಲಿಗುಲಾನ ಹುಚ್ಚಾಟಗಳಿಂದ ಬೇಸತ್ತ ಅಂಗರಕ್ಷಕ ಅಧಿಕಾರಿಗಳೇ ಪ್ಯಾಲಟೈನ್‌ನ ಒಂದು ಓಣಿಯಲ್ಲಿ ಅವನನ್ನು ಇರಿದು ಕೊಂದರು. ಅವನ ಪತ್ನಿಯನ್ನು ಕೊಂದರು. ಎರಡು ವರ್ಷವೂ ತುಂಬದ ಹೆಣ್ಣು ಮಗುವನ್ನು ಗೋಡೆಗೆ ಅಪ್ಪಳಿಸಿ ಕೊಂದರು. ಆ ಗಲಾಟೆಯಲ್ಲಿ ಒಬ್ಬ ಸೈನಿಕನಿಗೆ ಪರದೆಯ ಕೆಳಗೆ ಎರಡು ಪಾದಗಳು ಕಂಡವು. ಎಳೆದು ನೋಡಿದರೆ ಕ್ಯಾಲಿಗುಲಾನ ಚಿಕ್ಕಪ್ಪ ಕ್ಲಾಡಿಯಸ್! ಕಾಲು ಎಳೆಯುತ್ತ ನಡೆಯುವ, ಮಾತು ತೊದಲುವ ಈ ಐವತ್ತರ ಮನುಷ್ಯ ಪ್ರಾಣಭಿಕ್ಷೆ ಕೇಳಲು ಬಾಗಿದ. ಅವರು ಅವನನ್ನು ಹೊತ್ತು ಶಿಬಿರಕ್ಕೆ ಒಯ್ದು ಚಕ್ರವರ್ತಿ ಎಂದು ಸಾರಿದರು. ಅತ್ತ ಸೆನೆಟ್ ಸಭೆ ಸೇರಿ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡುತ್ತಲೇ ಇತ್ತು.

ಕ್ಲಾಡಿಯಸ್ ಪ್ರತಿ ಅಂಗರಕ್ಷಕನಿಗೂ 15,000 ಸೆಸ್ಟರ್ಸ್ ಕೊಡುವ ಮಾತು ಕೊಟ್ಟ. ಗಡಿಯಲ್ಲಿ ಕಾದಾಡುವ ಸಾಮಾನ್ಯ ಸೈನಿಕನ ವರ್ಷದ ಸಂಬಳ ಆಗ 900 ಸೆಸ್ಟರ್ಸ್. ಅಂದರೆ ಅವನು ಹದಿನಾರು ವರ್ಷ ದುಡಿದರೂ ಸಿಗದ ಹಣ ಇವರಿಗೆ ಒಂದೇ ದಿನದಲ್ಲಿ ಸಿಕ್ಕಿತು. ಅಂದಿನಿಂದ ಸಿಂಹಾಸನಕ್ಕೆ ಒಂದು ದರ ನಿಗದಿಯಾಯಿತು.

ಹಣ ಕೊಟ್ಟರೆ ಸಾಲದು, ಯುದ್ಧದ ಕೀರ್ತಿಯೂ ಬೇಕು. ಕ್ಲಾಡಿಯಸ್ ಕ್ರಿ.ಶ. 43ರಲ್ಲಿ ನಾಲ್ಕು ಲೀಜನ್‌ಗಳನ್ನು ಸಮುದ್ರ ದಾಟಿಸಿ ಬ್ರಿಟನ್ ಮೇಲೆ ದಂಡೆತ್ತಿದ. ತಾನು ಅಲ್ಲಿದ್ದುದು ಹದಿನಾರೇ ದಿನ. ಆದರೆ ಹನ್ನೊಂದು ರಾಜರನ್ನು ಶರಣಾಗಿಸಿದ್ದಾಗಿ ರೋಮಿನಲ್ಲಿ ಕಮಾನು ನಿಲ್ಲಿಸಲಾಯಿತು. ಹುಟ್ಟಿದ್ದ ಮಗನಿಗೆ ಬ್ರಿಟಾನಿಕಸ್ ಎಂಬ ಹೆಸರು ಬಂತು.

ಆ ಕೀರ್ತಿಯ ಬೆಲೆ ಏನೆಂದು ಬ್ರಿಟನ್ನಿನ ಒಬ್ಬ ವಿಧವೆಗೆ ತಿಳಿಯಿತು. ಐಸಿನಿ ಎಂಬ ಬುಡಕಟ್ಟಿನ ರಾಜ ಸಾಯುವಾಗ ತನ್ನ ಆಸ್ತಿಯನ್ನು ಚಕ್ರವರ್ತಿಗೂ ತನ್ನ ಇಬ್ಬರು ಹೆಣ್ಣು ಮಕ್ಕಳಿಗೂ ಸೇರಿಸಿ ಬರೆದಿಟ್ಟ. ಹಾಗಾದರೂ ಮನೆ ಉಳಿಯಲಿ ಎಂಬ ಆಸೆ. ರೋಮನ್ ಅಧಿಕಾರಿಗಳು ಎಲ್ಲವನ್ನೂ ದೋಚಿದರು. ವಿಧವೆ ಬೌಡಿಕಾಳನ್ನು ಚಾಟಿಯಿಂದ ಹೊಡೆದರು, ಹೆಣ್ಣು ಮಕ್ಕಳ ಮಾನಭಂಗ ಮಾಡಿದರು. ಕ್ರಿ.ಶ. 60-61ರಲ್ಲಿ ಅವಳು ಎದ್ದು ನಿಂತಾಗ ಲಂಡನ್ ಸೇರಿ ಮೂರು ಪಟ್ಟಣಗಳು ಉರಿದವು. ಸತ್ತವರು ಎಪ್ಪತ್ತು ಸಾವಿರ ಎನ್ನುತ್ತಾನೆ ಟಾಸಿಟಸ್. ಅಲ್ಲಿ ಸತ್ತವರಲ್ಲೂ ಹೆಂಗಸರು ಮಕ್ಕಳಿದ್ದರು. ಕೊನೆಗೆ ಗೆದ್ದದ್ದು ರೋಮ್.

ತಾಯಿ ಕೊಡಿಸಿದ ಸಿಂಹಾಸನ

ಕ್ಯಾಲಿಗುಲಾನ ತಂಗಿಯ ಹೆಸರೂ ಅಗ್ರಿಪ್ಪಿನಾ. ತಾಯಿಯೂ ಅಣ್ಣಂದಿರೂ ಸತ್ತ ರೀತಿಯನ್ನು ಕಂಡು ಬೆಳೆದವಳು. ಅಧಿಕಾರ ಕೈಯಲ್ಲಿಲ್ಲದವರು ಈ ಮನೆಯಲ್ಲಿ ಬದುಕುವುದಿಲ್ಲ ಎಂಬುದನ್ನು ಅವಳು ಕಲಿತಿರಬೇಕು. ಕ್ರಿ.ಶ. 49ರಲ್ಲಿ ತನ್ನ ಚಿಕ್ಕಪ್ಪ ಕ್ಲಾಡಿಯಸನನ್ನೇ ಮದುವೆಯಾದಳು. ಅಂಥ ಮದುವೆ ರೋಮಿನಲ್ಲೂ ನಿಷಿದ್ಧವಾಗಿತ್ತು, ಕಾನೂನನ್ನೇ ಬದಲಿಸಲಾಯಿತು. ಮರುವರ್ಷ ತನ್ನ ಮಗ ನೀರೋನನ್ನು ಕ್ಲಾಡಿಯಸ್ ದತ್ತು ಪಡೆಯುವಂತೆ ಮಾಡಿದಳು. ಕ್ರಿ.ಶ. 54ರಲ್ಲಿ ಕ್ಲಾಡಿಯಸ್ ಸತ್ತ. ಅಣಬೆಯಲ್ಲಿ ವಿಷವಿತ್ತು ಎಂಬ ಮಾತು ಆಗಲೇ ಹಬ್ಬಿತ್ತು. ಹದಿನಾರರ ಹುಡುಗ ನೀರೋನನ್ನು ಮೊದಲು ಒಯ್ದದ್ದು ಸೆನೆಟಿಗಲ್ಲ, ಪ್ರಿಟೋರಿಯನ್ ಶಿಬಿರಕ್ಕೆ. ದರ ಅದೇ.

ಮುಂದಿನ ವರ್ಷ ಬ್ರಿಟಾನಿಕಸ್ ಊಟದ ನಡುವೆಯೇ ಕುಸಿದು ಸತ್ತ. ಕ್ರಿ.ಶ. 59ರಲ್ಲಿ ನೀರೋ ತಾಯಿಯನ್ನು ಹಬ್ಬಕ್ಕೆ ಕರೆದು, ಮುರಿದು ಬೀಳುವ ದೋಣಿಯಲ್ಲಿ ಕೂರಿಸಿ ಕಳುಹಿಸಿದ. ಅವಳು ಈಜಿ ದಡ ಸೇರಿದಳು. ಅದೇ ರಾತ್ರಿ ಸೈನಿಕರನ್ನು ಕಳುಹಿಸಿ ಕೊಲ್ಲಿಸಿದ. ಕ್ಲಾಡಿಯಸನ ಮಗಳು, ನೀರೋನ ಪತ್ನಿ ಆಕ್ಟೇವಿಯಾಳ ಕೊಲೆ ಕ್ರಿ.ಶ. 62ರಲ್ಲಿ ನಡೆಯಿತು. ಎಲ್ಲಿ ಗೊತ್ತೇ? ಪಂಡಾಟೇರಿಯಾ ದ್ವೀಪದಲ್ಲಿ. ತಾಯಿ, ಮಗಳು ಇದ್ದಲ್ಲಿಗೇ ಅದೇ ವಂಶದ ಮತ್ತೊಬ್ಬಳು.

ಕ್ರಿ.ಶ. 64ರ ಜುಲೈಯಲ್ಲಿ ರೋಮ್ ಹೊತ್ತಿ ಉರಿಯಿತು. ನಗರದ ಹದಿನಾಲ್ಕು ವಿಭಾಗಗಳಲ್ಲಿ ಉಳಿದದ್ದು ನಾಲ್ಕೇ. ಬೆಂಕಿಯಿಟ್ಟವನು ನೀರೋನೇ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಆದರೆ ಜನರ ಮನೆ ಸುಟ್ಟ ಜಾಗದಲ್ಲಿ ಅವನು ತನಗಾಗಿ ಚಿನ್ನದ ಅರಮನೆ ಕಟ್ಟಿಸಿದ್ದು ನಿಜ. ಅದರ ತೋಟದಲ್ಲೊಂದು ದೊಡ್ಡ ಕೃತಕ ಕೆರೆಯಿತ್ತು. ಆ ಕೆರೆ ಇದ್ದಲ್ಲಿ ಈಗ ಕೊಲೋಸಿಯಂ ನಿಂತಿದೆ.

ಒಂದು ವರ್ಷ, ನಾಲ್ವರು

ಮಧ್ಯಾಹ್ನದ ಬಿಸಿಲಿಗೆ ಗುಡ್ಡ ಇಳಿದು ಫೋರಂಗೆ ಬಂದೆವು. (ಹೋಗುವವರು ಒಂದು ಖಾಲಿ ಬಾಟಲಿ ಇಟ್ಟುಕೊಳ್ಳಿ, ನೆರಳು ಕಡಿಮೆ. ರೋಮಿನ ಬೀದಿ ನಲ್ಲಿಗಳಲ್ಲಿ ಕುಡಿಯುವ ತಣ್ಣೀರು ಉಚಿತವಾಗಿ ಸಿಗುತ್ತದೆ.) ಮುರಿದ ಕಂಬಗಳ ಮಧ್ಯೆ ಲಾಕುಸ್ ಕುರ್ಟಿಯಸ್ ಎಂಬ ಸಣ್ಣ ತಗ್ಗು ಜಾಗವಿದೆ. ಹೆಚ್ಚಿನವರು ಅದನ್ನು ನೋಡದೆ ದಾಟುತ್ತಾರೆ.

ಕ್ರಿ.ಶ. 68ರಲ್ಲಿ ಪ್ರಾಂತಗಳ ಸೇನೆಗಳು ದಂಗೆಯೆದ್ದವು, ನೀರೋ ಆತ್ಮಹತ್ಯೆ ಮಾಡಿಕೊಂಡ. ಆಗಸ್ಟಸನ ವಂಶ ಅಲ್ಲಿಗೆ ಮುಗಿಯಿತು. ಎಪ್ಪತ್ತು ದಾಟಿದ ಗಾಲ್ಬಾ ಸ್ಪೇನಿನಿಂದ ಬಂದು ಚಕ್ರವರ್ತಿಯಾದ. ಅವನ ಹೆಸರಿನಲ್ಲಿ ಅಂಗರಕ್ಷಕರಿಗೆ ತಲಾ 30,000 ಸೆಸ್ಟರ್ಸ್ ಕೊಡುವ ಮಾತಾಗಿತ್ತು. ಸೈನಿಕರನ್ನು ಆರಿಸುವುದು ತನ್ನ ಪದ್ಧತಿ, ಕೊಳ್ಳುವುದಲ್ಲ ಎಂದ ಗಾಲ್ಬಾ. ಮಾತು ಸರಿಯಾದದ್ದೇ. ಆದರೆ ಅದನ್ನು ಹೇಳುವ ಕಾಲ ಮೀರಿತ್ತು. ಓಥೋ ಎಂಬವನು ಹಣ ಹಂಚಿದ. ಕ್ರಿ.ಶ. 69ರ ಜನವರಿ 15ರಂದು ಇದೇ ತಗ್ಗಿನ ಬಳಿ ಪಲ್ಲಕ್ಕಿಯಿಂದ ಉರುಳಿಬಿದ್ದ ಮುದುಕನ ತಲೆ ಕಡಿದರು. ತಾವೇ ಕೊಂದವರೆಂದು ಇನಾಮು ಕೇಳಿ 120ಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದ್ದರು! ಆ ಅರ್ಜಿಗಳು ಮುಂದೆ ವಿಟೆಲಿಯಸ್‌ನ ಕೈಗೆ ಸಿಕ್ಕಾಗ ಅವನು ಅವರನ್ನೆಲ್ಲ ಕೊಲ್ಲಿಸಿದ. ಗಾಲ್ಬಾನ ಮೇಲಿನ ಪ್ರೀತಿಯಿಂದಲ್ಲ, ನಾಳೆ ತನ್ನ ಗತಿಯೂ ಇದೇ ಎಂಬ ಭಯದಿಂದ.

ಓಥೋ ಮೂರು ತಿಂಗಳು ಆಳಿದ. ಏಪ್ರಿಲ್‌ನಲ್ಲಿ ರೈನ್ ನದಿಯ ಸೇನೆ ತಂದ ವಿಟೆಲಿಯಸ್‌ಗೆ ಸೋತು ಜೀವ ಕಳೆದುಕೊಂಡ. ಜುಲೈಯಲ್ಲಿ ಪೂರ್ವದ ಸೇನೆಗಳು ವೆಸ್ಪೇಸಿಯನ್‌ನನ್ನು ಚಕ್ರವರ್ತಿ ಎಂದು ಸಾರಿದವು. ಅವನು ಆಗ ಯಹೂದಿಗಳ ದಂಗೆ ಅಡಗಿಸಲು ಫಲಸ್ತೀನ್ ನೆಲದಲ್ಲಿದ್ದ.

ಅಕ್ಟೋಬರ್‌ನಲ್ಲಿ ಉತ್ತರ ಇಟಲಿಯ ಕ್ರೆಮೋನಾ ಊರಿನ ಹೊರಗೆ ರೋಮನ್ನರೇ ರೋಮನ್ನರೊಡನೆ ರಾತ್ರಿಯಿಡೀ ಕಾದಾಡಿದರು. ಒಬ್ಬ ಮಗ ತಾನು ಕೊಂದದ್ದು ಸ್ವಂತ ತಂದೆಯನ್ನೆಂದು ತಿಳಿದು ಶವವನ್ನಪ್ಪಿ ಅತ್ತ. ಆ ರಾತ್ರಿ ಕ್ರೆಮೋನಾದ ಹೆಂಗಸರು ತಮ್ಮ ಕಡೆಯ ಸೈನಿಕರಿಗೆ ರೊಟ್ಟಿ, ನೀರು ಹೊತ್ತು ತಂದರು. ಸೈನಿಕರು ಅದರಲ್ಲಿ ಒಂದು ಪಾಲನ್ನು ಎದುರಿನ ಶತ್ರುವಿಗೂ ನೀಡಿದರು, ತಿಂದಾದ ಮೇಲೆ ಮತ್ತೆ ಕಾದಾಡಿದರು ಎಂದು ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬರೆದಿದ್ದಾನೆ. ಬೆಳಗಾದ ಮೇಲೆ ಗೆದ್ದವರು ಅದೇ ಹೆಂಗಸರ ಊರನ್ನು ನಾಲ್ಕು ದಿನ ಸುಲಿದು ಸುಟ್ಟರು. ಸೆರೆ ಸಿಕ್ಕವರನ್ನು ಕೊಳ್ಳಲು ಇಟಲಿಯ ಜನ ಒಪ್ಪಲಿಲ್ಲ. ಮಾರಲಾಗದವರನ್ನು ಸೈನಿಕರು ಕೊಲ್ಲತೊಡಗಿದರು. ಬಂಧುಗಳು ಗುಟ್ಟಾಗಿ ಹಣ ತೆತ್ತು ತಮ್ಮವರನ್ನು ಬಿಡಿಸಿಕೊಂಡರು.

ಡಿಸೆಂಬರ್‌ನಲ್ಲಿ ಯುದ್ಧ ರೋಮಿನ ಬೀದಿಗೇ ಬಂತು. ಎದುರಿನ ಕ್ಯಾಪಿಟೋಲ್ ಗುಡ್ಡದ ಮುಖ್ಯ ದೇಗುಲ ಸುಟ್ಟುಹೋಯಿತು. ಹಬ್ಬದ ದಿನಗಳವು. ಜನ ಕಿಟಕಿಗಳಲ್ಲಿ, ಬೀದಿ ಬದಿಯಲ್ಲಿ ನಿಂತು, ಆಟ ನೋಡುವಂತೆ ಕದನ ನೋಡಿ ಚಪ್ಪಾಳೆ ಹೊಡೆದರಂತೆ. ಅಂಗಡಿಯೊಳಗೆ ಅವಿತವನನ್ನು ಹೊರಗೆಳೆದು ಕೊಲ್ಲಿರೆಂದು ಕೂಗಿದರಂತೆ. ವಿಟೆಲಿಯಸ್‌ನನ್ನು ಹಗ್ಗ ಕಟ್ಟಿ ಫೋರಂ ಮೂಲಕ ಎಳೆದೊಯ್ದು ಕೊಂದರು. ಒಂದೇ ವರ್ಷದಲ್ಲಿ ವೆಸ್ಪೇಸಿಯನ್ ನಾಲ್ಕನೆಯವ.

ಅಳುವ ಹೆಣ್ಣಿನ ನಾಣ್ಯ

ವೆಸ್ಪೇಸಿಯನ್ ದೊಡ್ಡ ವಂಶದವನಲ್ಲ, ಅವನ ತಂದೆ ತೆರಿಗೆ ವಸೂಲಿಗಾರ. ಖಜಾನೆ ಬರಿದಾಗಿತ್ತು. ಮೂತ್ರಕ್ಕೂ ತೆರಿಗೆ ಹಾಕಿದ ಚಕ್ರವರ್ತಿ ಅವನೇ. ಬಟ್ಟೆ ಮಡಿ ಮಾಡುವವರೂ ಚರ್ಮ ಹದ ಮಾಡುವವರೂ ಅದನ್ನು ಬಳಸುತ್ತಿದ್ದರು. ಅವನಿಗೆ ಬೇಕಾಗಿದ್ದುದು ಎರಡು: ಹಣ ಮತ್ತು ಒಂದು ದೊಡ್ಡ ಗೆಲುವು. ರೋಮನ್ನರನ್ನು ಕೊಂದು ಪಡೆದ ಗೆಲುವಿಗೆ ಮೆರವಣಿಗೆ ಮಾಡುವಂತಿರಲಿಲ್ಲ. ಹೊರಗಿನ ಶತ್ರು ಬೇಕಿತ್ತು.

ಮಗ ಟೈಟಸ್ ಅದನ್ನು ಒದಗಿಸಿದ. ಕ್ರಿ.ಶ. 70ರ ವಸಂತದಲ್ಲಿ ಅವನು ಜೆರುಸಲೇಮನ್ನು, ನಾವು ಬೈತುಲ್ ಮುಖದ್ದಸ್ ಎಂದು ಗೌರವದಿಂದ ಕರೆಯುವ ನಗರವನ್ನು, ಮುತ್ತಿಗೆ ಹಾಕಿದ. ಹಬ್ಬಕ್ಕೆ ಬಂದ ಯಾತ್ರಿಕರಿಂದ ಊರು ತುಂಬಿತ್ತು. ಒಳಗಿನ ನಾಯಕರೂ ಬಣಗಳಾಗಿ ಹೊಡೆದಾಡುತ್ತ ದಾಸ್ತಾನಿದ್ದ ಧಾನ್ಯವನ್ನೇ ಸುಟ್ಟುಹಾಕಿದ್ದರು. ಅಧಿಕಾರದ ಕಚ್ಚಾಟ ಗೋಡೆಯ ಹೊರಗೂ ಇತ್ತು, ಒಳಗೂ ಇತ್ತು. ನಡುವೆ ಹಸಿದವರು ಸಾಮಾನ್ಯರು. ಬೇಸಿಗೆಯ ಕೊನೆಗೆ ಯಹೂದಿಗಳ ಆರಾಧನಾ ಮಂದಿರ ಬೂದಿಯಾಯಿತು. ಸೆರೆಯಾದವರು 97,000 ಎಂದು ಬರೆದಿದ್ದಾನೆ ಯುದ್ಧವನ್ನು ಕಣ್ಣಾರೆ ಕಂಡ ಯಹೂದಿ ಇತಿಹಾಸಕಾರ ಜೋಸೆಫಸ್. ಅವನು ಕೊಡುವ ಸಂಖ್ಯೆಗಳು ಹೆಚ್ಚಾಯಿತೆಂದು ವಿದ್ವಾಂಸರು ಹೇಳುವುದುಂಟು. ಹದಿನೇಳು ವರ್ಷಕ್ಕಿಂತ ಕೆಳಗಿನವರನ್ನು ಮಾರಲಾಯಿತು. ಹಲವರನ್ನು ಈಜಿಪ್ಟಿನ ಗಣಿಗಳಿಗೂ ಪ್ರಾಂತಗಳ ಕಾಳಗದ ಅಖಾಡಗಳಿಗೂ ಕಳುಹಿಸಲಾಯಿತು. ಸೈನಿಕರು ದೋಚಿದ ಚಿನ್ನ ಎಷ್ಟಿತ್ತೆಂದರೆ, ಸಿರಿಯಾದಲ್ಲಿ ಚಿನ್ನದ ಬೆಲೆ ಅರ್ಧಕ್ಕೆ ಇಳಿಯಿತಂತೆ.

ಫೋರಂನ ಒಂದು ತುದಿಯಲ್ಲಿ, ಕೊಲೋಸಿಯಂ ಕಡೆಗೆ ಏರುವ ಕಲ್ಲುಹಾದಿಯಲ್ಲಿ, ಟೈಟಸ್‌ನ ಕಮಾನು ನಿಂತಿದೆ. ಅವನು ಕ್ರಿ.ಶ. 81ರಲ್ಲಿ ಸತ್ತ ಬಳಿಕ ಕಟ್ಟಿದ್ದು. ಒಳಗೋಡೆಯ ಒಂದು ಬದಿಯಲ್ಲಿ ರಥವೇರಿದ ಟೈಟಸ್. ಇನ್ನೊಂದು ಬದಿಯಲ್ಲಿ ಮಂದಿರದ ಏಳು ಕವಲಿನ ದೀಪಸ್ತಂಭ, ಮೇಜು, ತುತ್ತೂರಿಗಳನ್ನು ಹೆಗಲ ಮೇಲೆ ಹೊತ್ತು ಬರುವ ಗೆದ್ದವರು. ಕ್ರಿ.ಶ. 71ರ ಮೆರವಣಿಗೆಯ ಚಿತ್ರ ಅದು. ಕಲ್ಲು ಸವೆದಿದೆ, ಮುಖಗಳು ಅಳಿಸಿವೆ. ದೀಪಸ್ತಂಭ ಮಾತ್ರ ಸ್ಪಷ್ಟವಾಗಿದೆ. ನಮ್ಮ ಪಕ್ಕದಲ್ಲೇ ವಯಸ್ಸಾದ ದಂಪತಿಯೊಂದು ಬಹಳ ಹೊತ್ತು ಮಾತಿಲ್ಲದೆ ಅದನ್ನೇ ನೋಡುತ್ತಿತ್ತು. ಯಾವ ದೇಶದವರೋ ಕೇಳಲಿಲ್ಲ.

ವೆಸ್ಪೇಸಿಯನ್ ಈ ಗೆಲುವಿಗೆ ನಾಣ್ಯ ಹೊರಡಿಸಿದ. ಖರ್ಜೂರದ ಮರ, ಅದರಡಿ ಕುಳಿತು ತಲೆಗೆ ಕೈಹೊತ್ತು ಅಳುವ ಒಬ್ಬ ಹೆಣ್ಣು. ಸೋತ ದೇಶಕ್ಕೆ ಅವರು ಕೊಟ್ಟ ರೂಪ ಅದು. ರೋಮಿನ ನಾಣ್ಯಗಳು ವ್ಯಾಪಾರದ ಹಡಗುಗಳಲ್ಲಿ ಕರಿಮೆಣಸಿಗಾಗಿ ನಮ್ಮ ಕಡೆಗೂ ಬಂದಿವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್, ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ನಾಣ್ಯಗಳಲ್ಲಿ ಚಕ್ರವರ್ತಿಗಳ ಹೆಸರುಗಳಿವೆ. ಖರ್ಜೂರದ ಮರದಡಿ ಅಳುವ ಹೆಣ್ಣಿಗೆ ಹೆಸರಿಲ್ಲ.

ಅತ್ತಿಗೆಯ ಪ್ರಶ್ನೆಗೆ ಉತ್ತರ

ಸಂಜೆ ಮತ್ತೆ ಕೊಲೋಸಿಯಂ ಬಳಿಗೆ ಬಂದೆವು. ಇಲ್ಲಿ ಸಿಕ್ಕ ಒಂದು ಹಳೆಯ ಶಿಲಾಶಾಸನದಲ್ಲಿ ನಂತರದ ಕಾಲದ ಬರಹವಿದೆ. ಅದರಡಿ ಸಣ್ಣ ರಂಧ್ರಗಳೂ ಇವೆ. ಮೊದಲು ಅಲ್ಲಿ ಹಿತ್ತಾಳೆಯಂಥ ಲೋಹದ ಅಕ್ಷರಗಳನ್ನು ಮೊಳೆ ಹೊಡೆದು ಕೂರಿಸಿದ್ದ ಗುರುತುಗಳವು. 1995ರಲ್ಲಿ ಗೇಜಾ ಆಲ್ಫೊಲ್ಡಿ ಎಂಬ ವಿದ್ವಾಂಸರು ಆ ರಂಧ್ರಗಳನ್ನು ಜೋಡಿಸಿ ಕಳೆದುಹೋದ ಅಕ್ಷರಗಳನ್ನು ಓದಿದರು. ಚಕ್ರವರ್ತಿ ವೆಸ್ಪೇಸಿಯನ್ ಈ ಹೊಸ ರಂಗಮಂದಿರವನ್ನು ಯುದ್ಧದ ಕೊಳ್ಳೆಯಿಂದ ಕಟ್ಟಿಸಿದ ಎಂಬುದು ಅದರ ತಾತ್ಪರ್ಯ.

"ಇಲ್ಲಿದೆ ನೋಡಿ ಅತ್ತಿಗೆ, ನಿಮ್ಮ ಪ್ರಶ್ನೆಗೆ ಉತ್ತರ" ಎಂದೆ.

ಕ್ರಿ.ಶ. 80ರಲ್ಲಿ ಟೈಟಸ್ ನೂರು ದಿನಗಳ ಆಟಗಳೊಂದಿಗೆ ಇದನ್ನು ಉದ್ಘಾಟಿಸಿದ. ಬೀದಿಯಲ್ಲಿ ನಿಂತು ಅಂತರ್ಯುದ್ಧಕ್ಕೆ ಚಪ್ಪಾಳೆ ಹೊಡೆದಿದ್ದ ಜನರಿಗೆ ಈಗ ಕೂತು ನೋಡಲು ಕಲ್ಲಿನ ಆಸನಗಳು ಸಿಕ್ಕವು. ಮನುಷ್ಯರು ಮನುಷ್ಯರನ್ನು ಕೊಲ್ಲುವುದನ್ನು ಮನೆ ಮಂದಿಯೊಂದಿಗೆ ನೋಡಿದರು. ಹೆಂಗಸರಿಗೆ ಎಲ್ಲಕ್ಕಿಂತ ಮೇಲಿನ, ಹಿಂದಿನ ಸಾಲು.

ಈ ವಂಶವೂ ಬಹಳ ಕಾಲ ಬಾಳಲಿಲ್ಲ. ಟೈಟಸ್‌ನ ತಮ್ಮ ಡೊಮಿಷಿಯನ್ ಪ್ಯಾಲಟೈನ್ ಮೇಲೆ ದೊಡ್ಡ ಅರಮನೆ ಕಟ್ಟಿಸಿದ. ಬೆಳಿಗ್ಗೆ ನಾವು ಕಂಡ ಇಟ್ಟಿಗೆ ಗೋಡೆಗಳಲ್ಲಿ ಹೆಚ್ಚಿನವು ಅದರದ್ದೇ. ಹಿಂದಿನಿಂದ ಯಾರು ಬರುತ್ತಾರೋ ಎಂಬ ಭಯಕ್ಕೆ ತಾನು ಅಡ್ಡಾಡುವ ಮೊಗಸಾಲೆಯ ಗೋಡೆಗಳಿಗೆ ಕನ್ನಡಿಯಂತೆ ಹೊಳೆಯುವ ಕಲ್ಲು ಹಾಕಿಸಿದನಂತೆ. ಕ್ರಿ.ಶ. 96ರಲ್ಲಿ ಮನೆಯ ಆಳುಗಳೇ ಮಲಗುವ ಕೋಣೆಯಲ್ಲಿ ಅವನನ್ನು ಇರಿದು ಕೊಂದರು.

ಬಸ್ಸಿಗೆ ಕಾಯುವಾಗ ಅತ್ತಿಗೆ ಬ್ಯಾಗಿನಿಂದ ರೊಟ್ಟಿಯ ಪೊಟ್ಟಣ ತೆಗೆದರು. ಒಂದು ತುಂಡು ಮುರಿದು ನನ್ನ ಕೈಗಿಟ್ಟು, "ಆ ಕ್ರೆಮೋನಾದ ಹೆಂಗಸರ ಹೆಸರು ಯಾರಾದರೂ ಬರೆದಿಟ್ಟಿದ್ದಾರಾ?" ಎಂದು ಕೇಳಿದರು.

ಇಲ್ಲ ಅತ್ತಿಗೆ, ಯಾರೂ ಬರೆದಿಟ್ಟಿಲ್ಲ ಎಂದೆ. ಈ ಸಲ ಶಾಲೆಯಲ್ಲಿ ರೋಮಿನ ಪಾಠ ಬಂದಾಗ ಮಕ್ಕಳಿಗೆ ಚಕ್ರವರ್ತಿಗಳ ಪಟ್ಟಿಗಿಂತ ಮೊದಲು ಆ ರಾತ್ರಿ ರೊಟ್ಟಿ ಹೊತ್ತು ಬಂದವರ ಕಥೆ ಹೇಳಬೇಕೆಂದಿದ್ದೇನೆ.